ವಾಯುಗುಣಮಾಪನ, ಅಲ್ಪವೆಚ್ಚದ (ಕಂಪಾಲಾ)
ಯುಗಾಂಡದ ರಾಜಧಾನಿ ಕಂಪಾಲಾದಲ್ಲಿ, ಮಕೆರೆರೆ ವಿಶ್ವವಿದ್ಯಾನಿಲಯವು 2015ರಲ್ಲಿ ಆರಂಭಿಸಿದ ‘ಏರ್‌ಕೋ’ ಯೋಜನೆಯು, ದುಬಾರಿಯಾದ ಪ್ರಮಾಣಯಂತ್ರಗಳನ್ನು ಹೇರಳವಾಗಿ ಕೊಳ್ಳಲಾರದ ದೇಶಗಳಿಗೆ ಆದರ್ಶಪ್ರಾಯವಾದುದು. ಒಳಗೆಳೆದುಕೊಂಡ ಗಾಳಿಯಲ್ಲಿ ಲೇಸರ್ ಕಿರಣವನ್ನು ಹಾಯಿಸಿ, ಚದುರಿದ ಬೆಳಕಿನಿಂದ 2.5 ಮೈಕ್ರೋಮೀಟರಿಗಿಂತ ಸೂಕ್ಷ್ಮವಾದ ಕಣಗಳ ಸಾಂದ್ರತೆಯನ್ನು ಗಣಿಸುವ ಈ ಯೋಜನೆಯ ಪುಟ್ಟ ಉಪಕರಣಗಳು, ಗೋಡೆ ಕಂಬಗಳ ಮೇಲಷ್ಟೇ ಅಲ್ಲದೆ ‘ಬೋಡ ಬೋಡ’ ಎಂಬ ಬಾಡಿಗೆ ಮೋಟಾರುಸೈಕಲ್ಲುಗಳನ್ನೂ ಏರಿ, ಧೂಳೆದ್ದ ಮಣ್ಣುದಾರಿಗಳಿಂದಲೂ ವಾಹನದಟ್ಟಣೆಯ ವೃತ್ತಗಳಿಂದಲೂ ಮೊಬೈಲ್ ಜಾಲದ ಮೂಲಕ ವರ್ತಮಾನವನ್ನು ಕಳುಹಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ಕಣಗಳಿಗೆ ಸೂಚಿಸಿದ, ಘನಮೀಟರಿಗೆ 5 ಮೈಕ್ರೋಗ್ರಾಂ ಎಂಬ ವಾರ್ಷಿಕ ಮಿತಿಯನ್ನು ಆ ಊರಿನ ಗಾಳಿ ಹಲವು ಪಟ್ಟು ಮೀರಿರುವುದು. ಅಲ್ಲಿ ಉಸಿರಾಡುವ ಮಕ್ಕಳನ್ನು ನೆನೆದರೆ ಇದು ಅತ್ಯಂತ ಕಳವಳಕಾರಿಯಾದ ಸಂಗತಿ. ತೇವವೇರಿದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ ಅಳತೆ ತಪ್ಪುವ ಸಂಭವವುಂಟು. ಆದಕಾರಣ ಪ್ರಮಾಣಯಂತ್ರದ ಪಕ್ಕದಲ್ಲಿಟ್ಟು, ತಾಳೆನೋಡಿ ತಿದ್ದದೆ ಈ ಉಪಕರಣಗಳ ಅಂಕಿಗಳನ್ನು ನೆಚ್ಚಲಾಗದು.