ಕಾರಿನ ವಿದ್ಯುತ್ ಮತ್ತು ದೀಪ ವ್ಯವಸ್ಥೆಯ ದೋಷಗಳು

ಕಾರಿನ ವಿದ್ಯುತ್ ಮತ್ತು ದೀಪ ವ್ಯವಸ್ಥೆಯ ದೋಷಗಳು ಎಂದರೆ ಬ್ಯಾಟರಿ, ಆಲ್ಟರ್ನೇಟರ್, ತಂತಿಜಾಲ, ಫ್ಯೂಸು, ರಿಲೇ, ಸ್ವಿಚ್ಚು ಹಾಗೂ ದೀಪಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳು. ಇವುಗಳಲ್ಲಿ ಕೆಲವು ಒಮ್ಮೆ ಸರಿಪಡಿಸಿದರೂ ಮರುಕಳಿಸುತ್ತವೆ. ಬಲ್ಬು ಅಥವಾ ಫ್ಯೂಸನ್ನು ಬದಲಾಯಿಸಿದ ಕೆಲವೇ ದಿನಗಳಲ್ಲಿ ಅದೇ ತೊಂದರೆ ಮರಳಿದರೆ, ಅದರ ಮೂಲ ಸಾಮಾನ್ಯವಾಗಿ ಬೇರೊಂದು ಭಾಗದಲ್ಲಿರುತ್ತದೆ. ಈ ಲೇಖನವು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ 12 ವೋಲ್ಟ್ ವ್ಯವಸ್ಥೆಯ ದೋಷಗಳನ್ನು, ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಹವಾಮಾನ ಮತ್ತು ರಸ್ತೆಗಳ ಸಂದರ್ಭವನ್ನೂ ಸೇರಿಸಿಕೊಂಡು ವಿವರಿಸುತ್ತದೆ.

ವ್ಯವಸ್ಥೆಯ ರಚನೆ

ಕಾರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಪ್ರತಿ ಕೋಶವು ಸುಮಾರು 2.1 ವೋಲ್ಟ್ ನೀಡುವುದರಿಂದ, ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯ ವೋಲ್ಟೇಜು ಸುಮಾರು 12.6 ಇರುತ್ತದೆ. ಎಂಜಿನ್ ಚಾಲನೆಯಾದ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ವಿದ್ಯುತ್ತನ್ನು ಒದಗಿಸುತ್ತದೆ. ಆಗ ಬ್ಯಾಟರಿಯ ತುದಿಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಂಡುಬರುತ್ತದೆ. ಹಳೆಯ ಕಾರುಗಳಲ್ಲಿ ಆಲ್ಟರ್ನೇಟರಿನ ಸ್ಥಾನದಲ್ಲಿ ಡೈನಮೊ ಇರುತ್ತಿತ್ತು. ಗ್ಯಾರೇಜುಗಳ ಮಾತಿನಲ್ಲಿ ಆಲ್ಟರ್ನೇಟರಿಗೂ ಡೈನಮೊ ಎಂಬ ಹೆಸರು ಉಳಿದುಕೊಂಡಿದೆ. ಸ್ಟಾರ್ಟರ್ ಮೋಟಾರನ್ನು ಸೆಲ್ಫ್ ಎಂದು ಕರೆಯುವುದು ರೂಢಿ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದಿತು.

ಬ್ಯಾಟರಿಯ ಋಣ ತುದಿಯನ್ನು ಕಾರಿನ ಲೋಹದ ದೇಹಕ್ಕೆ ಜೋಡಿಸಲಾಗಿರುತ್ತದೆ. ದೀಪಕ್ಕೆ ವಿದ್ಯುತ್ ತಂತಿಯ ಮೂಲಕ ಬರುತ್ತದೆ. ಹಿಂತಿರುಗುವ ದಾರಿ ಕಾರಿನ ದೇಹವೇ ಆಗಿರುತ್ತದೆ. ಈ ಜೋಡಣೆಗೆ ಅರ್ಥ್ ಎಂದು ಹೆಸರು. ಮರುಕಳಿಸುವ ದೀಪದೋಷಗಳಲ್ಲಿ ಹಲವಕ್ಕೆ ಮೂಲವು ತುಕ್ಕು ಹಿಡಿದ ಅಥವಾ ಸಡಿಲವಾದ ಅರ್ಥ್ ಜೋಡಣೆಯಲ್ಲಿರುತ್ತದೆ.

ದೋಷಗಳ ಬಗೆಗಳು

* ತೆರೆದ ಮಂಡಲ: ತಂತಿ ತುಂಡಾಗಿ, ಫ್ಯೂಸು ಕರಗಿ ಅಥವಾ ಬಲ್ಬಿನ ತಂತು ಹರಿದು ವಿದ್ಯುತ್ ಹರಿವು ಪೂರ್ಣವಾಗಿ ನಿಲ್ಲುವುದು.
* ಶಾರ್ಟ್ ಸರ್ಕ್ಯೂಟ್: ತಂತಿಯ ಹೊದಿಕೆ ಸವೆದು ಲೋಹದ ದೇಹಕ್ಕೆ ತಾಗುವುದು. ಹೊಸ ಫ್ಯೂಸು ಹಾಕಿದೊಡನೆ ಕರಗುವುದು ಇದರ ಮುಖ್ಯ ಲಕ್ಷಣ.
* ಅಧಿಕ ರೋಧ: ತುಕ್ಕು, ಸಡಿಲ ಕನೆಕ್ಟರ್ ಅಥವಾ ತೆಳುವಾದ ತಂತಿಯಿಂದ ವೋಲ್ಟೇಜು ದಾರಿಯಲ್ಲೇ ಕುಸಿಯುವುದು.
* ಬಿಟ್ಟುಬಿಟ್ಟು ಬರುವ ದೋಷ: ಕುಲುಕಾಟ, ಬಿಸಿ ಅಥವಾ ತೇವ ಇದ್ದಾಗ ಮಾತ್ರ ಕಾಣಿಸಿಕೊಳ್ಳುವುದು. ಪರೀಕ್ಷೆಯ ಹೊತ್ತಿನಲ್ಲಿ ಎಲ್ಲವೂ ಸರಿಯಾಗಿರುವುದರಿಂದ ಇದನ್ನು ಪತ್ತೆಹಚ್ಚುವುದು ಕಷ್ಟ.
* ನಿಂತಾಗಿನ ಸೋರಿಕೆ: ಕಾರು ನಿಂತಿರುವಾಗಲೂ ಯಾವುದೋ ಉಪಕರಣ ಬ್ಯಾಟರಿಯಿಂದ ವಿದ್ಯುತ್ ಎಳೆಯುವುದು.

ಲಕ್ಷಣಗಳು ಮತ್ತು ಕಾರಣಗಳು

ಹೆಡ್‌ಲೈಟ್ ಮಂದವಾಗುವುದು: ಎಚ್4 ಬಲ್ಬಿನಲ್ಲಿ ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್ ಸಾಮರ್ಥ್ಯದ ಎರಡು ತಂತುಗಳಿರುತ್ತವೆ. 12 ವೋಲ್ಟಿನಲ್ಲಿ 55 ವ್ಯಾಟಿನ ತಂತು ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಉರಿಯುವಾಗ ಅದರ ರೋಧ ಸುಮಾರು 2.6 ಓಮ್. ತುಕ್ಕು ಹಿಡಿದ ಜೋಡಣೆಯಲ್ಲಿ ಕೇವಲ 0.3 ಓಮ್ ರೋಧ ಸೇರಿಕೊಂಡರೂ ಬಲ್ಬಿಗೆ 10.8 ವೋಲ್ಟಿನಷ್ಟು ಮಾತ್ರ ತಲುಪುತ್ತದೆ. ತಂತು ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹು ವೇಗವಾಗಿ ಇಳಿಯುವುದರಿಂದ, ಶೇಕಡಾ 10ರಷ್ಟು ವೋಲ್ಟೇಜು ಕುಸಿದಾಗ ಬೆಳಕು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ಹೀಗಿರುವಾಗ ಹೊಸ ಬಲ್ಬು ಹಾಕಿದರೂ ಪ್ರಯೋಜನವಾಗದು.

ಬಲ್ಬುಗಳು ಪದೇ ಪದೇ ಸುಟ್ಟುಹೋಗುವುದು: ಆಲ್ಟರ್ನೇಟರಿನ ನಿಯಂತ್ರಕ ಕೆಟ್ಟು ವೋಲ್ಟೇಜು 15ನ್ನು ಮೀರುವುದು ಇದಕ್ಕೆ ಒಂದು ಕಾರಣ. ವೋಲ್ಟೇಜು ಶೇಕಡಾ 5ರಷ್ಟು ಹೆಚ್ಚಾದರೆ ತಂತು ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟುವುದು ಇನ್ನೊಂದು ಕಾರಣ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಬಿಸಿಯಾಗಿ ಗಾಜು ದುರ್ಬಲಗೊಳ್ಳುತ್ತದೆ.

ಇಂಡಿಕೇಟರ್ ವೇಗವಾಗಿ ಮಿನುಗುವುದು: ಸಾಮಾನ್ಯ ವೇಗ ನಿಮಿಷಕ್ಕೆ 60ರಿಂದ 120 ಬಾರಿ. ಒಂದು ಬದಿಯಲ್ಲಿ ಮಾತ್ರ ವೇಗ ಹೆಚ್ಚಿದರೆ ಆ ಬದಿಯ ಒಂದು ಬಲ್ಬು ಸುಟ್ಟಿದೆ ಅಥವಾ ಅದರ ಜೋಡಣೆ ಬಿಟ್ಟಿದೆ ಎಂದು ಊಹಿಸಬಹುದು. ತಂತು ಬಲ್ಬಿನ ಬದಲು ಕಡಿಮೆ ವಿದ್ಯುತ್ ಎಳೆಯುವ ಎಲ್‌ಇಡಿ ಹಾಕಿದಾಗಲೂ ಹೀಗಾಗುತ್ತದೆ.

ಹಿಂಬದಿ ದೀಪಗಳ ಗೊಂದಲ: ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಸುಕಾಗಿ ಹೊತ್ತುವುದು ಅಥವಾ ಇಂಡಿಕೇಟರಿನ ಜೊತೆಗೆ ಹಿಂಬದಿ ದೀಪವೂ ಮಿನುಗುವುದು ಕೆಟ್ಟ ಅರ್ಥ್‌ನ ಲಕ್ಷಣ. ನೇರ ದಾರಿ ಸಿಗದ ವಿದ್ಯುತ್ ಪಕ್ಕದ ಬಲ್ಬಿನ ತಂತುವಿನ ಮೂಲಕ ಹಿಂತಿರುಗುವುದೇ ಇದಕ್ಕೆ ಕಾರಣ.

ಬ್ಯಾಟರಿ ಇಳಿಯುವುದು: ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟಿನ ದೀಪ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಮೂರು ದಿನಗಳಲ್ಲಿ ಇದು ಸುಮಾರು 30 ಆಂಪಿಯರ್-ಗಂಟೆ. ಅಂದರೆ 45 ಆಂಪಿಯರ್-ಗಂಟೆಯ ಬ್ಯಾಟರಿಯ ಮೂರನೇ ಎರಡು ಭಾಗ. ಹೊಸ ಬ್ಯಾಟರಿ ತಂದರೂ ಅದು ಇಳಿಯದೆ ಇರದು.

ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಚಿತ್ರದುರ್ಗ ಜಿಲ್ಲೆಯು ಮಧ್ಯ ಕರ್ನಾಟಕದ ಒಣ ಪ್ರದೇಶದಲ್ಲಿದೆ. ಹಿರಿಯೂರು ತಾಲ್ಲೂಕು ರಾಜ್ಯದ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದುಂಟು. ಬಾನೆಟ್ಟಿನ ಒಳಗಿನ ಬಿಸಿ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಬಿಸಿ ಹೆಚ್ಚಿದಂತೆ ಬ್ಯಾಟರಿಯ ನೀರು ಬೇಗ ಆರುತ್ತದೆ, ಫಲಕಗಳ ಸವೆತ ತೀವ್ರವಾಗುತ್ತದೆ ಮತ್ತು ತಂತಿಯ ಪ್ಲಾಸ್ಟಿಕ್ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಮಣ್ಣುರಸ್ತೆಯ ಧೂಳು ಕನೆಕ್ಟರುಗಳಲ್ಲಿ ಕುಳಿತು, ಮೊದಲ ಮಳೆಯ ತೇವ ಸೇರಿದಾಗ ತುಕ್ಕಿಗೆ ದಾರಿಯಾಗುತ್ತದೆ.

ಹೊಳಲ್ಕೆರೆ ಮತ್ತು ಹೊಸದುರ್ಗ ತಾಲ್ಲೂಕುಗಳಲ್ಲಿ ಅಡಿಕೆ ಹಾಗೂ ತೆಂಗಿನ ತೋಟಗಳಿವೆ. ತೋಟದ ಮನೆಗಳ ಬಳಿ ನಿಲ್ಲಿಸಿದ ಕಾರುಗಳಲ್ಲಿ ಇಲಿ ಮತ್ತು ಅಳಿಲುಗಳು ತಂತಿಗಳನ್ನು ಕಡಿಯುವುದು ಗಮನಿಸಬೇಕಾದ ಕಾರಣ. ಹಲವು ದಿನ ಓಡಿಸದ ಕಾರಿನಲ್ಲಿ ಹಲವು ದೀಪಗಳು ಒಮ್ಮೆಗೇ ಕೆಟ್ಟಿದ್ದರೆ ಮೊದಲು ಬಾನೆಟ್ ತೆರೆದು ತಂತಿಗಳನ್ನು ನೋಡುವುದು ಸೂಕ್ತ.

ಬೆಂಗಳೂರು–ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗದ ಮೂಲಕ ಹಾದುಹೋಗುತ್ತದೆ. ಬಳ್ಳಾರಿ, ಚಳ್ಳಕೆರೆ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಹಿರಿಯೂರಿನಲ್ಲಿ ಇದನ್ನು ಸಂಧಿಸಿ ಹುಳಿಯಾರಿನತ್ತ ಸಾಗುತ್ತದೆ. ರಾತ್ರಿಯಿಡೀ ಲಾರಿ, ಬಸ್ಸುಗಳು ಸಂಚರಿಸುವ ಇಂತಹ ರಸ್ತೆಗಳಲ್ಲಿ ಹಿಂಬದಿ ದೀಪವಿಲ್ಲದ ವಾಹನವು ಹಿಂದಿನಿಂದ ಬರುವವರಿಗೆ ಕಾಣದೆ ಅಪಘಾತಕ್ಕೆ ಕಾರಣವಾಗಬಲ್ಲದು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಹೀಗಾಗಿ ಹಿಂಬದಿ ದೀಪದ ದೋಷವನ್ನು ಸಣ್ಣ ದುರಸ್ತಿಯೆಂದು ಮುಂದೂಡುವುದು ಅಪಾಯಕಾರಿ.

ಹೆಚ್ಚುವರಿ ಜೋಡಣೆಗಳು

ಕತ್ತಲ ರಸ್ತೆಗಳಿಗಾಗಿ 60/55 ವ್ಯಾಟಿನ ಬದಲು 100/90 ವ್ಯಾಟಿನ ಬಲ್ಬು ಹಾಕಿಸುವುದುಂಟು. ಆಗ ಎರಡು ಹೈ ಬೀಮ್‌ಗಳು ಎಳೆಯುವ ವಿದ್ಯುತ್ 10 ಆಂಪಿಯರಿನಿಂದ ಸುಮಾರು 17 ಆಂಪಿಯರಿಗೆ ಏರುತ್ತದೆ. ಮೂಲ ತಂತಿ, ಸ್ವಿಚ್ಚು ಮತ್ತು ಬಲ್ಬಿನ ಹೋಲ್ಡರ್ ಇದನ್ನು ತಾಳದೆ ಕರಗಬಹುದು. ಎದುರಿನ ಚಾಲಕರ ಕಣ್ಣೂ ಕೋರೈಸುತ್ತದೆ. ಫಾಗ್ ಲ್ಯಾಂಪ್, ಹಾರ್ನ್, ಮ್ಯೂಸಿಕ್ ಸಿಸ್ಟಮ್‌ಗಳಿಗಾಗಿ ಮೂಲ ತಂತಿಯ ಹೊದಿಕೆ ಸುಲಿದು ಟೇಪು ಸುತ್ತಿದ ಜೋಡಣೆಗಳು ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತವೆ. ಪ್ರತ್ಯೇಕ ಫ್ಯೂಸು ಮತ್ತು ರಿಲೇ ಇರುವ ಜೋಡಣೆ ಸುರಕ್ಷಿತ.

ಪತ್ತೆಹಚ್ಚುವ ಕ್ರಮ

1. ದೋಷವು ಒಂದೇ ದೀಪದಲ್ಲಿದೆಯೇ, ಒಂದು ಬದಿಯಲ್ಲಿದೆಯೇ ಅಥವಾ ಎಲ್ಲೆಡೆ ಇದೆಯೇ ಎಂದು ಗುರುತಿಸುವುದು. ಎಲ್ಲ ದೀಪಗಳೂ ಮಂದವಾಗಿದ್ದರೆ ಬ್ಯಾಟರಿ ಮತ್ತು ಆಲ್ಟರ್ನೇಟರನ್ನು ಮೊದಲು ಪರೀಕ್ಷಿಸಬೇಕು.
2. ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜನ್ನು ಎಂಜಿನ್ ನಿಂತಿರುವಾಗ ಮತ್ತು ಓಡುವಾಗ ಅಳೆಯುವುದು.
3. ಫ್ಯೂಸನ್ನು ನೋಡುವುದು. ಬ್ಲೇಡ್ ಫ್ಯೂಸುಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರನ್ನು ಸೂಚಿಸುತ್ತವೆ.
4. ದೀಪ ಉರಿಯುತ್ತಿರುವಾಗ ಬ್ಯಾಟರಿಯ ಋಣ ತುದಿ ಮತ್ತು ದೀಪದ ಅರ್ಥ್ ನಡುವಿನ ವೋಲ್ಟೇಜು ಅಳೆಯುವುದು. ಅದು ಸೊನ್ನೆಗೆ ಸಮೀಪವಿರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಜೋಡಣೆಯನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಬೇಕು.
5. ಬಿಟ್ಟುಬಿಟ್ಟು ಬರುವ ದೋಷವಿದ್ದರೆ ದೀಪ ಹೊತ್ತಿಸಿ ತಂತಿಯ ಕಟ್ಟನ್ನು ಭಾಗಭಾಗವಾಗಿ ಮೆಲ್ಲನೆ ಅಲುಗಾಡಿಸಿ ನೋಡುವುದು.
6. ಬ್ಯಾಟರಿ ಇಳಿಯುತ್ತಿದ್ದರೆ ಕಾರು ಲಾಕ್ ಆಗಿ ಸ್ವಲ್ಪ ಹೊತ್ತಿನ ಮೇಲೆ ವಿದ್ಯುತ್ ಎಳೆತವನ್ನು ಅಳೆಯುವುದು. ಅದು 50 ಮಿಲಿ ಆಂಪಿಯರಿಗಿಂತ ಬಹಳ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಸೋರಿಕೆಯ ಮಂಡಲವನ್ನು ಗುರುತಿಸಬಹುದು.

ಸುರಕ್ಷತೆ

ಕರಗಿದ ಫ್ಯೂಸಿನ ಜಾಗದಲ್ಲಿ ಹೆಚ್ಚಿನ ಆಂಪಿಯರಿನ ಫ್ಯೂಸನ್ನಾಗಲಿ ತಾಮ್ರದ ತಂತಿಯನ್ನಾಗಲಿ ಹಾಕಬಾರದು. ಹಾಗೆ ಮಾಡಿದರೆ ಫ್ಯೂಸಿನ ಬದಲು ತಂತಿಜಾಲವೇ ಉರಿಯುತ್ತದೆ. ಬ್ಯಾಟರಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬೀಡಿ, ಬೆಂಕಿಕಡ್ಡಿಗಳನ್ನು ದೂರವಿಡಬೇಕು. ಏರ್‌ಬ್ಯಾಗಿನ ತಂತಿಗಳನ್ನು ತರಬೇತಿ ಇಲ್ಲದವರು ಪರೀಕ್ಷಿಸಬಾರದು.

ಕಾನೂನು

ಭಾರತದಲ್ಲಿ ವಾಹನದೀಪಗಳ ಬಗೆಗಿನ ವಿಧಿಗಳು 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ನಿಯಮ 105ರ ಪ್ರಕಾರ ಹಿಂಬದಿಯ ಕೆಂಪು ದೀಪವು 155 ಮೀಟರ್ ದೂರದಿಂದ ಕಾಣಬೇಕು ಮತ್ತು ಹಿಂಬದಿಯ ನೋಂದಣಿ ಸಂಖ್ಯೆ 15 ಮೀಟರ್ ದೂರದಿಂದ ಓದಲು ಬರುವಂತೆ ಬೆಳಗಬೇಕು. ಟ್ಯಾಕ್ಸಿ ಮೊದಲಾದ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. ಸ್ವಂತ ಬಳಕೆಯ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವಾಗಲೂ ತಪಾಸಣೆ ನಡೆಯುತ್ತದೆ. ಚಿತ್ರದುರ್ಗದ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-16.

ಇವನ್ನೂ ನೋಡಿ

* ಓಮ್‌ನ ನಿಯಮ
* ಸೀಸ-ಆಮ್ಲ ಬ್ಯಾಟರಿ
* ಫ್ಯೂಸ್
* ರಾಷ್ಟ್ರೀಯ ಹೆದ್ದಾರಿ 48
* ಚಿತ್ರದುರ್ಗ ಜಿಲ್ಲೆ