ಅಡಿಗಿಮನಿತನಾ ಬಂದ ಫೋನು

ನಮ್ಮ ಧಾರವಾಡದ ಮನಿಗೆ ಬ್ಯಾಸಗ್ಯಾಗ ಬಂದವರೆಲ್ಲಾ, "ಎಷ್ಟು ತಂಪದರೀ ವೈನಿ!" ಅಂತಾರ. ಎರಡು ಅಡಿ ದಪ್ಪನ ಮಣ್ಣಿನ ಗ್ವಾಡಿ ಅವ. ಬಿಸಲು ಒಳಗ ಬರಂಗಿಲ್ಲ, ಖರೆ. ಆದರ ಮೊಬೈಲಿನ ಸಿಗ್ನಲ್ಲೂ ಬರಂಗಿಲ್ಲ. ನಮ್ಮನ್ಯಾಗ ಫೋನು ಅಡಿಗಿಮನಿ ಮುಟ್ಟಲಿಕ್ಕೆ ಹತ್ತತ್ರ ಮೂವತ್ತು ವರ್ಷ ಬೇಕಾತು.

ನಾ 1991ರಾಗ ಲಗ್ನಾಗಿ ಬಂದಾಗ, ತವರಮನಿಗೆ ಮಾತಾಡಬೇಕಂದ್ರ ಓಣಿ ತುದಿಯ ಎಸ್‌ಟಿಡಿ ಬೂತಿಗೆ ಹೋಗಬೇಕು. ರಾತ್ರಿ ದರ ಕಡಿಮಿ ಅಂತ ಊಟ ಮುಗಿಸಿ ಹೋಗ್ತಿದ್ವಿ. ಮಾತು ಅವ್ವನ ಜೋಡಿ, ಕಣ್ಣು ಮಾತ್ರ ಓಡೋ ಮೀಟರಿನ ಮ್ಯಾಲ. ಮುಂದ ಮನಿಗೇ ಲ್ಯಾಂಡ್‌ಲೈನ್ ಬಂತು, ಆದರ ಪಡಸಾಲ್ಯಾಗ, ಮಾವನವರ ಖುರ್ಚಿ ಬಾಜೂಕ. ಎಲ್ಲಾರ ಮುಂದ "ಆರಾಮ ಇದ್ದೀನವ್ವಾ" ಅನ್ನೋದು ಬಿಟ್ಟು ಇನ್ನೇನು ಹೇಳಲಿಕ್ಕೆ ಆಗ್ತದ?

ನಮ್ಮ ದೇಶದಾಗ ಮೊದಲ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ಕ್ಕ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲಕತ್ತಾದಿಂದ ದಿಲ್ಲಿಯ ಕೇಂದ್ರ ಮಂತ್ರಿ ಸುಖರಾಮ್ ಅವರ ಜೋಡಿ ಮಾತಾಡಿದರು. ಆಗ ನಮಗ ಬಂದ ಕರೆಗೂ ನಾವ ರೊಕ್ಕ ಕೊಡಬೇಕಿತ್ತು. 2003ರಾಗ ಅದು ಪುಕ್ಕಟೆ ಆತು, ನಮ್ಮಂಥವರ ಕೈಗೂ ಮೊಬೈಲ್ ಬಂತು. ಆದರ ಮಾತಾಡಬೇಕಂದ್ರ ಮಾಳಗಿ ಹತ್ತಬೇಕು.

2017ರಾಗ ಒಂದಿನ ಮಧ್ಯಾಹ್ನ ನಾ ಒಳಗ ರೊಟ್ಟಿ ಬಡೀತಿದ್ದೆ. ಗದಗದಾಗ ಅವ್ವ ಬಿದ್ದಿದ್ಲು. ತಮ್ಮ ಎಂಟು ಸಲ ಫೋನ್ ಮಾಡಿದ್ದ. ಫೋನು ಹಿಟ್ಟಿನ ಡಬ್ಬಿ ಬಾಜೂಕ ಸುಮ್ಮನ ಕೂತಿತ್ತು. ಸಂಜೀಕ ಒಣಗಿದ ಅರಿವಿ ತರಲಿಕ್ಕೆ ಮಾಳಗಿ ಹತ್ತಿದಾಗ ಒಂದರ ಹಿಂದೊಂದು ಮೆಸೇಜ್ ಬಂದ್ವು. ಬಸ್ ಹಿಡಿದು ಹೋಗೋದ್ರೊಳಗ ಅವ್ವ ಇರಲಿಲ್ಲ.

ಇದಕ್ಕ ಉಪಾಯ ಬ್ಯಾರೆ ದೇಶದಾಗ ಮೊದಲೇ ಬಂದಿತ್ತು. ಅಮೆರಿಕಾದಾಗ ಟಿ-ಮೊಬೈಲ್ ಕಂಪನಿ 2007ರಾಗೇ ಮನಿ ವೈಫೈ ಮ್ಯಾಲ ಮೊಬೈಲ್ ಕರೆ ಶುರು ಮಾಡಿತ್ತು. 2014ರಾಗ ಐಫೋನಿಗೆ ಬಂತು. ನಮ್ಮ ದೇಶದಾಗ 2019ರ ಡಿಸೆಂಬರಕ್ಕ ಏರ್‌ಟೆಲ್ ದಿಲ್ಲಿ ಕಡೆ ಶುರು ಮಾಡಿತು, 2020ರ ಜನವರಿಗೆ ಜಿಯೋ ದೇಶದ ತುಂಬ ಕೊಟ್ಟಿತು. ಎರಡು ತಿಂಗಳಿಗೆ ಲಾಕ್‌ಡೌನ್. ಮಗ ಪುಣೆದಿಂದ ಬಂದು ತನ್ನ ಕೆಲಸಕ್ಕಂತ ಬ್ರಾಡ್‌ಬ್ಯಾಂಡ್ ಹಾಕಿಸಿದ. ನನ್ನ ಫೋನಿನ ಸೆಟ್ಟಿಂಗ್ಸ್‌ನ್ಯಾಗ "ವೈಫೈ ಕಾಲಿಂಗ್" ಅನ್ನೋದನ್ನ ಆನ್ ಮಾಡಿ, "ಇನ್ನ ಮಾಳಗಿ ಹತ್ತಬ್ಯಾಡ ಅವ್ವಾ" ಅಂದ.

ಅದರ ಕೆಲಸ ಸರಳ ಅದ. ಟವರಿನ ಸಿಗ್ನಲ್ ಗ್ವಾಡಿ ದಾಟಿ ಬರದಿದ್ದರ, ಮಾತು ಮನಿಯ ವೈಫೈ ಹಿಡಿದು ಇಂಟರ್‌ನೆಟ್ಟಿನ ದಾರಿಲೆ ಮೊಬೈಲ್ ಕಂಪನಿಗೆ ಹೋಗ್ತದ. ನಂಬರ್ ಅದ, ಬ್ಯಾರೆ ಆ್ಯಪ್ ಬ್ಯಾಡ. ಆದರ ಫೋನು, ಸಿಮ್ ಎರಡಕ್ಕೂ ಈ ಸೌಲಭ್ಯ ಇರಬೇಕು. ವೈಫೈ ಪೆಟ್ಟಿಗಿ ಪಡಸಾಲಿ ಮೂಲ್ಯಾಗಿದ್ದರ ಅದರ ಸಿಗ್ನಲ್ಲೂ ಇದೇ ಗ್ವಾಡಿಗೆ ಸೋಲ್ತದ. ನಾವು ನಡುಮನ್ಯಾಗ ಎತ್ತರದ ಮಾಡದಾಗ ಇಟ್ಟೀವಿ. ಕರೆಂಟ್ ಹೋದರ ಮತ್ತ ಮಾಳಗೀನ ಗತಿ. ಅದಕ್ಕ ಸಣ್ಣ ಬ್ಯಾಟರಿ ಯುಪಿಎಸ್ ಹಚ್ಚೀವಿ.

ಈಗ ಒಲಿ ಮುಂದ ನಿಂತ ತಮ್ಮನ ಜೋಡಿ ಮಾತಾಡ್ತೀನಿ. ಫೋನು ಹಿಟ್ಟಿನ ಡಬ್ಬಿ ಬಾಜೂಕ ಗುಣುಗುಟ್ಟಿದಾಗ ಇವತ್ತಿಗೂ ಎದಿ ಒಮ್ಮೆ ಝಲ್ ಅಂತದ. ನಿಮ್ಮನ್ಯಾಗೂ ಯಾವ ಖೋಲ್ಯಾಗ ಫೋನು ಸತ್ತಂಗ ಬಿದ್ದಿರ್ತದ, ಒಮ್ಮೆ ನೋಡ್ಕೋರಿ.