ಪಡಿ ಪಡೆದರೆ ತಪ್ಪೇ?

ಹೊಟ್ಟೆಪಾಡಿಗೆ ಮುಂಬಯಿಗೋ ದೆಹಲಿಗೋ ಬಂದ ನಮಗೆ ಪರವೂರಿನ ರೇಷನ್ ಕಾರ್ಡಿನ ಬೆಲೆ ಗೊತ್ತು. ಪಡಿ ತಗೊಂಡಿರಿ, ಇಲ್ಲಿ ನೆಲೆ ಕೊಡೋಲ್ಲ ಅಂದರೆ ಹೇಗೆ?

ತನ್ನನ್ನು ತಾನು ಸಾಕಿಕೊಳ್ಳಲಾರದೆ ಸರ್ಕಾರಕ್ಕೆ ಹೊರೆಯಾಗುವವರು ಹಡಗಿಂದ ಇಳಿಯಕೂಡದೆಂದು ಅಮೆರಿಕ 1882ರಲ್ಲೇ ಕಾನೂನು ಮಾಡಿತ್ತು. 1999ರ ಸೂಚನೆಯ ಪ್ರಕಾರ ಹೊರೆ ಅಂದರೆ ಮುಖ್ಯವಾಗಿ ನಗದು ನೆರವನ್ನೇ ನೆಚ್ಚಿದ ಬದುಕು. 2019ರ ನಿಯಮ ಆಹಾರದ ನೆರವು, ಬಡವರ ಆರೋಗ್ಯ ವಿಮೆ, ಬಾಡಿಗೆ ನೆರವನ್ನೂ ಲೆಕ್ಕ ಹಿಡಿದು ಗ್ರೀನ್ ಕಾರ್ಡಿಗೆ ಅಡ್ಡಗಾಲು ಹಾಕಿತು. ಅಲ್ಲೇ ಹುಟ್ಟಿದ ಮಕ್ಕಳ ಪಾಲು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆದರೂ ಹೆದರಿದ ಎಷ್ಟೋ ಹೆತ್ತವರು ಅದನ್ನೂ ಬಿಟ್ಟರು.

2020ರ ಫೆಬ್ರವರಿಯಲ್ಲಿ ನಿಯಮ ಜಾರಿಯಾಯಿತು, ಬೆನ್ನಿಗೇ ಕೊರೋನಾ ಬಂತು. 2021ರಲ್ಲಿ ನಿಯಮ ಹೋಯಿತು. ಅಂಜಿಕೆ ಅಷ್ಟು ಬೇಗ ಹೋಗಲಿಲ್ಲ. ಮಗುವಿನ ತುತ್ತಿಗೂ ಅಪ್ಪ ಅಮ್ಮ ಅಂಜಬೇಕಾದರೆ, ಹೊರೆಯಾದದ್ದು ಮಗು ಅಲ್ಲ, ಕಾನೂನು.